ಮಾಸ್ತರು ಹೇಳದ ಹೆಸರು

ಹೋದ ವಾರ ಶಾಲೆಯ ಹಳೇ ಕಪಾಟು ಖಾಲಿ ಮಾಡುವಾಗ ಒಂದು ನಶ್ಯದ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಹನ್ನೆರಡು ವರ್ಷವಾದರೂ ಘಾಟು ಪೂರ್ತಿ ಹೋಗಿರಲಿಲ್ಲ...

ಅದು ನಮ್ಮ ಕನ್ನಡ ಮಾಸ್ತರದು. ಗೋವಾದ ಮಡಗಾಂವದಲ್ಲಿ, ಮೋತಿ ಡೊಂಗರ್ ಗುಡ್ಡದ ಬುಡದಲ್ಲಿರುವ ಈ ಕನ್ನಡ ಶಾಲೆಯಲ್ಲಿ ಅವರು ಮೇಲಿನ ತರಗತಿಗೆ ಕಲಿಸುತ್ತಿದ್ದರು, ನಾನು ಕೆಳಗಿನದಕ್ಕೆ; ಮಕ್ಕಳಿಗೆ ಅವರು ಮಾಸ್ತರು, ನಾನು ಬಾಯಾರು. ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ. ಅವರ ಪಾಠ ಕೇಳುತ್ತಲೇ ನಾನು ಮಕ್ಕಳಿಂದ ಮಗ್ಗಿ ಬರೆಸುತ್ತಿದ್ದೆ. ನನ್ನ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ.

ಆ ವರ್ಷ ನಡುಗನ್ನಡದ ಒಂದು ಕಥೆ ಪಾಠಕ್ಕಿತ್ತು. ಬರ ಬಿದ್ದಾಗ ಅರಸ ಊರಿಗೆ ಹಂಚಲೆಂದು ಕಣಜ ತೆರೆಸುತ್ತಾನೆ. ಮಂತ್ರಿ ತಳ ಎತ್ತರಿಸಿದ ಕೊಳಗದಿಂದ ಅಳೆಸಿ, ಉಳಿದ ಜೋಳವನ್ನು ತನ್ನ ಮನೆಗೆ ಸಾಗಿಸುತ್ತಾನೆ. ಕೊಟ್ಟಷ್ಟನ್ನೂ ತನ್ನ ದಾನವೆಂದು ಡಂಗುರ ಹೊಡೆಸುತ್ತಾನೆ.

ಆಗ ಡೊಂಗರಿನಲ್ಲಿ ನಳದ ನೀರು ನಿಂತು ಟ್ಯಾಂಕರ್ ಬರುತ್ತಿತ್ತು. ನೀರು ಸರಕಾರದ್ದು, ಟ್ಯಾಂಕರಿನ ಮೇಲಿನ ಫೋಟೊ ಒಬ್ಬ ಪುಢಾರಿಯದು. ಅರ್ಧ ನೀರು ಅವನ ಕಟ್ಟಡದ ಕೆಲಸಕ್ಕೆ ಇಳಿಯುವುದು ನಮಗೆಲ್ಲ ಗೊತ್ತಿತ್ತು. ಮಾಸ್ತರು ಒಂದು ಚಿಟಿಕೆ ನಶ್ಯ ಏರಿಸಿ ಹೇಳಿದರು: “ಆ ಮಂತ್ರಿ ಸತ್ತಾನಂತ ತಿಳೀಬ್ಯಾಡ್ರಿ. ಪಲ್ಲಕ್ಕಿ ಬಿಟ್ಟು ಜೀಪ್ ಹತ್ಯಾನ, ಅಷ್ಟ.” ಯಾರೆಂದು ಅವರು ಹೇಳಲಿಲ್ಲ. ಮಕ್ಕಳೇ ಆ ಪುಢಾರಿಯ ಹೆಸರು ಕೂಗಿ ನಕ್ಕರು. ಗೋಡೆಯ ಈಚೆ ನಾನೂ ನಕ್ಕೆ.

ಮಾತು ಪುಢಾರಿಯ ಕಿವಿಗೆ ಮುಟ್ಟಿತು. ಅವನ ಕಡೆಯವರೇ ಆಗಿದ್ದ ಶಾಲಾ ಕಮಿಟಿಯ ಅಧ್ಯಕ್ಷರು ನನ್ನನ್ನು ಕರೆಸಿದರು. ನನ್ನನ್ನು ಖಾಯಂ ಮಾಡುವ ಮಾತು ಮೊದಲು ಬಂತು. ಆಮೇಲೆ, ಮಾಸ್ತರು ತರಗತಿಯಲ್ಲಿ ಆ ಪುಢಾರಿಯ ಹೆಸರು ಹಿಡಿದು ಬೈದರೋ ಇಲ್ಲವೋ ಎಂದು ಕೇಳಿದರು.

“ಹೌದ್ರಿ, ಹೆಸರು ತಗೊಂಡ್ರು,” ಎಂದೆ. ಅವರು ಮೊದಲೇ ಬರೆದಿಟ್ಟ ಕಾಗದಕ್ಕೆ ಸಹಿಯನ್ನೂ ಹಾಕಿದೆ.

ಮೂರನೇ ದಿನ ಮಾಸ್ತರನ್ನು ಕೆಲಸದಿಂದ ತೆಗೆದರು. ಹೋಗುವಾಗ ಅವರು ನನ್ನ ತರಗತಿಯ ಬಾಗಿಲಲ್ಲಿ ನಿಂತರು. “ನಾ ಹೆಸರು ಹೇಳಿದ್ದಿಲ್ಲ, ಅಲ್ಲೇನ್ರಿ ಬಾಯಾರ?” ಎಂದು ಮೆಲ್ಲಗೆ ಕೇಳಿದರು. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ನಶ್ಯದ ಡಬ್ಬಿಯನ್ನು ಕಪಾಟಿನಲ್ಲೇ ಬಿಟ್ಟು ಅವರು ಹೋದರು...

ಅವರ ತರಗತಿ ನನಗೇ ಬಂತು. ಆ ಕಥೆಯಲ್ಲಿ ಕೊಳಗ ಹಿಡಿದು ಅಳೆಯುವ ಒಬ್ಬ ಆಳಿದ್ದಾನೆ. ತಳದ ಮೋಸ ಅವನಿಗೆ ಗೊತ್ತು. ಅರಸ ಕೇಳಿದಾಗ ಅಳತೆ ಸರಿಯಾಗಿದೆ ಅನ್ನುತ್ತಾನೆ. ಆ ಸಾಲುಗಳು ಬಂದಾಗ, ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಪುಟ ತಿರುವಿದೆ. ಪಾಠ ಬದಲಾಗುವ ತನಕ ಪ್ರತಿ ವರ್ಷವೂ ಹಾಗೇ ಮಾಡಿದೆ.

ಡಬ್ಬಿ ಸಿಕ್ಕ ಮರುದಿನ, ಧಾರವಾಡದಲ್ಲಿರುವ ಅವರ ಮಗಳ ನಂಬರ್ ಹುಡುಕಿ ಫೋನ್ ಮಾಡಿದೆ. ಮಾಸ್ತರು ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮಲ್ಲಿಂದ ಹೋದ ಮೇಲೆ ಯಾವ ಶಾಲೆಯೂ ಅವರನ್ನು ಕರೆಯಲಿಲ್ಲವಂತೆ. ಕೊನೆಯವರೆಗೂ ಇಲ್ಲೇ ಹತ್ತಿರದ ವೆರ್ಣಾದಲ್ಲಿ ಒಂದು ಕಾರ್ಖಾನೆಯ ಗೇಟು ಕಾಯುತ್ತಿದ್ದರಂತೆ. ಸಾಕ್ಷಿ ಹೇಳಿದ್ದು ಯಾರೆಂದು ಮನೆಯಲ್ಲಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ನಾನೇ ಎಂದು ಹೇಳಿದೆ. ಸುಳ್ಳು ಹೇಳಿದ್ದೆ ಎಂದೂ ಹೇಳಿದೆ.



“ಅಪ್ಪ ಇದ್ದಾಗ ಹೇಳಬೇಕಿತ್ರಿ,” ಅಂದಳು.

ಅವಳೇ ಫೋನ್ ಇಟ್ಟಳು.