ಗಂಟೆಗೋಪುರದಲ್ಲಿ ಅಮ್ಮನ ಕೈ

ಒಂದು ಊರಿನಲ್ಲಿ ಒಂದು ಚರ್ಚು ಇತ್ತಂತೆ, ಅದರ ಗೋಡೆಗಳಿಗೆಲ್ಲ ಕೈಗಳಿದ್ದವಂತೆ. ಕಥೆ ಹೀಗೆ ಶುರುವಾದರೆ ಹಿಂದೆಯೇ ರಾಕ್ಷಸನೂ ಬರುತ್ತಾನೆ ಎಂದುಕೊಳ್ಳಬೇಡಿ. ಕೈಗಳು ನಿಜ. ಹಳೆಪೇಟೆಯ ನಡುವಿನ ಈ ಚರ್ಚಿನಲ್ಲಿ ಕಪಾಟುಗಳ ಬೆನ್ನಿಗೆ, ಕಮಾನುಗಳ ನೆತ್ತಿಗೆ, ಪ್ರಾರ್ಥನೆಗೆ ಬಂದವರ ಕಣ್ಣಿಗೆ ಬೀಳದ ಮೂಲೆಗಳಲ್ಲೆಲ್ಲ ಅಂಗೈ ಗುರುತುಗಳಿವೆ. ಗೋಡೆ ಮುಗಿಸಿದವರು ಹಸಿ ಗಾರೆಗೆ ಕೈ ಒತ್ತಿ ಇಳಿಯುವುದು ಇಲ್ಲಿನ ಕೆಲಸಗಾರರ ರೂಢಿ.

ಬೆಳಕು ಇನ್ನೂ ಬಣ್ಣದ ಗಾಜನ್ನು ಮುಟ್ಟಿಲ್ಲ. ಸುಣ್ಣದಕ್ಕ ಆಗಲೇ ಗಂಟೆಗೋಪುರದ ತುದಿಯಲ್ಲಿ ಗಾರೆ ಬಳಿಯುವ ಕರಣೆ ಹಿಡಿದು ಕುಳಿತಿದ್ದಾರೆ. ಸುಣ್ಣ ಮೆತ್ತಿ ಹುಬ್ಬು ಸದಾ ಬೆಳ್ಳಗಿರುವುದರಿಂದ ಬಂದ ಹೆಸರದು. ರಿಪೇರಿಯ ಕೊನೆಯ ಗೋಡೆ ಇದು. ಇವತ್ತು ಮುಗಿದರೆ ಸಾರವೆ ಬಿಚ್ಚುತ್ತಾರೆ.

ಚರ್ಚಿನ ಚರಿತ್ರೆಯನ್ನು ಅವರು ಗೋಡೆ ತಟ್ಟುತ್ತಲೇ ಹೇಳುತ್ತಾರೆ. ಬುಡ ಕರಿಗಲ್ಲಿನದು, ಮೇಲೆ ಎರಡು ಮೊಳ ದಪ್ಪದ ಇಟ್ಟಿಗೆ. ಗೋಪುರ ಮಾತ್ರ ಪೂರಾ ಕಲ್ಲಿನದು; ಮೊದಲಿನದು ಸಿಡಿಲಿಗೆ ಕುಸಿದಾಗ ಬಿದ್ದ ಕಲ್ಲುಗಳನ್ನು ಹೆಕ್ಕಿ, ಸಾಲದ್ದಕ್ಕೆ ಬೇರೆ ಕಲ್ಲು ಸೇರಿಸಿ ಈಗಿನದನ್ನು ಎಬ್ಬಿಸಿದರಂತೆ. ಅದಕ್ಕೇ ಒಂದು ಕಲ್ಲು ಕೆಂಪು, ಪಕ್ಕದ್ದು ಬೂದಿ.

“ತೇಪೆ ಹಾಕಿದ ಸೀರೆ ಥರ. ಆದ್ರೂ ಠೀವಿ ನೋಡಿ ಅದರದ್ದು!” ಎಂದು ನಗುತ್ತಾರೆ.

ಈ ಗೋಡೆಗಳಿಗೆ ಅವರ ಅಮ್ಮ ಹರೆಯದಿಂದಲೂ ಗಾರೆ ಹೊತ್ತವರು. ಗಾರೆ ಬಾಂಡ್ಲಿಯ ಭಾರಕ್ಕೆ ತಲೆಯ ಮೇಲಿನ ಬಟ್ಟೆಯ ಸಿಂಬೆ ಸವೆದು, ಅದರಡಿಯ ಕೂದಲೂ ಸವೆದಿದೆ. ಅವರು ಹೊತ್ತ ಗಾರೆ ಎಲ್ಲ ಗೋಡೆಗಳಲ್ಲೂ ಇದೆ. ಕೈಗುರುತು ಒಂದರಲ್ಲೂ ಇಲ್ಲ. ಹೊರುವವರ ಕೈ ಗೋಡೆಗೆ ಸಲ್ಲದು. ಪುಟ್ಟ ಹುಡುಗಿಯಾಗಿದ್ದಾಗ ಸುಣ್ಣದಕ್ಕ ಕೇಳಿದ್ದರು: “ಅಮ್ಮಾ, ನಿನ್ನ ಕೈ ಎಲ್ಲಿ?” ಅಮ್ಮ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ನಕ್ಕರು. ಆ ನಗು ಮಗಳಿಗೆ ಹಿಡಿಸಲಿಲ್ಲ. “ನಾನು ಕರಣೆ ಹಿಡೀತೀನಿ. ಆಮೇಲೆ ನಿನ್ನ ಕೈ ಒತ್ತಿಸ್ತೀನಿ” ಎಂದು ಮಾತು ಕೊಟ್ಟರು.

ಹೆಣ್ಣಿಗೆ ಕರಣೆ ಕೊಡುವವರು ಯಾರು? ಊಟದ ಹೊತ್ತಿನಲ್ಲಿ ಕಾಂಪೌಂಡು ಗೋಡೆಗೆ ಮಿಕ್ಕ ಗಾರೆ ಮೆತ್ತಿ ಕಲಿತರು. ಅಲ್ಲೇ ಗಾರೆ ಕೆಲಸಕ್ಕಿದ್ದ ಚಿಕ್ಕಪ್ಪ ಅದನ್ನು ಕೆರೆದು ಹಾಕುತ್ತಿದ್ದರು, ಇವರು ಮತ್ತೆ ಮೆತ್ತುತ್ತಿದ್ದರು. ಕೆರೆಯುವ ಕೈಗೇ ಮೊದಲು ಸುಸ್ತಾಯಿತು.

ಆ ಚಿಕ್ಕಪ್ಪನೇ ಈಗ ಹೆಡ್ ಮೇಸ್ತ್ರಿ. ಗೋಪುರದ ಬುಡದಲ್ಲಿ ಸುಣ್ಣದಕ್ಕನ ಅಮ್ಮ, ತಮ್ಮ ಅತ್ತಿಗೆ, ಕೈ ಒತ್ತಲೆಂದು ಬಂದು ನಿಂತದ್ದು ಕಂಡದ್ದೇ ತಡ, ಮೇಲಕ್ಕೆ ಕೂಗುತ್ತಾರೆ: “ಹೊತ್ತಿದ್ದಕ್ಕೆ ಕೂಲಿ ಕೊಟ್ಟಾಗಿದೆಯಲ್ಲೇ! ನಾಳೆ ಬಾಂಡ್ಲೀನೂ ಗುರುತು ಹಾಕ್ತೀನಿ ಅನ್ನುತ್ತೆ.”

“ಅನ್ಲಿ ಚಿಕ್ಕಪ್ಪ. ಬಾಂಡ್ಲಿ ಬರದಿದ್ರೆ ನೀವು ಗಾಳಿ ಬಳೀತಿದ್ರಾ?”

“ಹಾಗಿದ್ರೆ ಮೆಟ್ಟಿಲು ಹತ್ತಿ ಬರ್ಲಿ ನಿಮ್ಮಮ್ಮ!”

ಗೋಡೆಯ ದಪ್ಪದೊಳಗೇ ಸುರುಳಿ ಸುತ್ತಿ ಏರುವ ಇಕ್ಕಟ್ಟು ಮೆಟ್ಟಿಲದು. ಅಮ್ಮನ ಮಂಡಿಗೆ ಆಗದು ಎಂದು ಚಿಕ್ಕಪ್ಪನಿಗೆ ಗೊತ್ತು. ಆದರೆ ಗೋಪುರದ ಪ್ರತಿ ಅಂತಸ್ತಿನ ನೆಲದ ನಡುವೆಯೂ ಒಂದು ಚೌಕ ಕಂಡಿ ಇದೆ. ಹಿಂದೆ ಗಂಟೆ ಏರಿಸಲು ಬಿಟ್ಟದ್ದು. ಈಗ ರಾಟೆ ಕಟ್ಟಿ ಗಾರೆ ಏರಿಸುತ್ತಾರೆ. ಸುಣ್ಣದಕ್ಕ ಅದೇ ಹಗ್ಗಕ್ಕೆ ಹಲಗೆ ಬಿಗಿದು ಕೆಳಗೆ ಬಿಡುತ್ತಾರೆ. ಅಮ್ಮ ಕೂರುತ್ತಾರೆ, ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿಸಿಕೊಳ್ಳುತ್ತಾರೆ.

“ಹಗ್ಗಕ್ಕೆ ಯಾರೂ ಕೈ ಹಾಕ್ಕೂಡದು!” ಚಿಕ್ಕಪ್ಪ ಗುಡುಗುತ್ತಾರೆ.

ಗಾರೆ ಹೊರುವ ಹೆಂಗಸರಲ್ಲಿ ಹಿರಿಯಳು ಬಾಂಡ್ಲಿ ಕೆಳಗಿಟ್ಟು, ಅಂಗೈಗೆ ಉಗುಳಿಕೊಂಡು ಹಗ್ಗ ಹಿಡಿಯುತ್ತಾಳೆ. ಉಳಿದವರು ಹಿಂದೆ ಸಾಲುಗಟ್ಟುತ್ತಾರೆ. ರಾಟೆ ಕಿರುಗುಡುತ್ತದೆ.

“ಮೆಲ್ಲಗೆ ಕಣ್ರೇ! ಗಾರೆಯಾದ್ರೆ ಚೆಲ್ಲಿದ್ರೂ ಮತ್ತೆ ಕಲಸ್ಬಹುದು. ನನ್ನ ಯಾರು ಕಲಸ್ತೀರಿ?” ಕಂಡಿಯಿಂದ ಕಂಡಿಗೆ ಏರುತ್ತಾ ಅಮ್ಮ ಗದರುತ್ತಾರೆ. ಕೆಳಗೆ ನಗು ಸಿಡಿಯುತ್ತದೆ, ಹಗ್ಗ ಮಾತ್ರ ಅಲುಗುವುದಿಲ್ಲ.

ಮೇಲೆ ಗಾರೆ ಹಸಿಯಾಗಿ ಹೊಳೆಯುತ್ತಿದೆ. ಅಮ್ಮ ಅಭ್ಯಾಸಬಲದಿಂದ ಕೈಯನ್ನು ಸೆರಗಿನಡಿ ಎಳೆದುಕೊಳ್ಳುತ್ತಾರೆ. ಮಗಳು ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಕೈ ತಾನೇ ಹೊರಬರುತ್ತದೆ. ಇಟ್ಟಿಗೆ ಬಿದ್ದು ಸೊಟ್ಟಗಾದ ಕಿರುಬೆರಳ ಸಮೇತ ಇಡೀ ಅಂಗೈ ಗೋಡೆಯೊಳಗೆ ಇಳಿಯುತ್ತದೆ.

“ಆಯ್ತಾ ನಿಮ್ಮ ನಾಟಕ?” ಕೆಳಗಿನಿಂದ ಕೂಗು.

ಅಮ್ಮ ಕಂಡಿಯತ್ತ ಬಾಗಿ, ಸುಣ್ಣ ಮೆತ್ತಿದ ಕೈಯನ್ನು ಎತ್ತಿ ತೋರಿಸುತ್ತಾರೆ.

“ಆಯ್ತಪ್ಪಾ ಮೇಸ್ತ್ರಿ! ಕೆರೆಯೋದಿದ್ರೆ ಮೆಟ್ಟಿಲು ಹತ್ತಿ ಬಾ. ನಾನಿಲ್ಲೇ ಕೂತಿರ್ತೀನಿ, ಇದು ಒಣಗೋವರೆಗೂ.”