ಕೈಯಾರೆ ಉಳಿಸಿಕೊಂಡ ಚುಕ್ಕೆ

ಗ್ಯಾಲಕ್ಸಿಗಳು ಹುಟ್ಟುವುದನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ನೋಡುವುದು ನನ್ನ ಕೆಲಸ. ಪಾವಗಡದ ಕಾಲೇಜೊಂದರಲ್ಲಿ ಭಾಷಣವಿತ್ತು. ದಾರಿಯಲ್ಲಿ ಶಿರಾದ ಜೆರಾಕ್ಸ್ ಅಂಗಡಿಯಲ್ಲಿ ತಿದ್ದಿದ ಗ್ರಾಫಿನ ಪ್ರಿಂಟು ತೆಗೆಸಿದೆ. ಅಂಗಡಿಯ ರಫೀಕ್ ಸಾಹೇಬರು ಅದನ್ನು ನನ್ನ ಹಳೆಯ ಪ್ರತಿಯ ಪಕ್ಕದಲ್ಲಿಟ್ಟು ನೋಡಿ, ಕೊಡಲು ಒಪ್ಪಲಿಲ್ಲ.

"ಗಲತ್ ಆಗೈತೆ ಸಾರ್. ಚುಕ್ಕಿಗಳು ಬಿಟ್ಟೋಗವೆ. ಇನ್ನೊಂದ್ಸಲ ಹೊಡ್ಕೊಡ್ತೀನಿ."

ಒಂದೊಂದು ಚುಕ್ಕೆಯೂ ಗ್ಯಾಲಕ್ಸಿಯನ್ನು ಸುತ್ತುವರಿದ ಕಾಣದ ದ್ರವ್ಯದ ಒಂದು ಮುದ್ದೆ ಎಂದೆ. ನಮಗೆ ಬೇಕಾದ ಜಾಗವನ್ನಷ್ಟೇ ಸಣ್ಣ ಕಣಗಳಿಂದ ತುಂಬಿ, ಕಂಪ್ಯೂಟರಿಗೆ ಹೊರೆಯಾಗದಂತೆ ಸುತ್ತ ದಪ್ಪ ಕಣಗಳನ್ನಿಡುತ್ತೇವೆ. ದಪ್ಪ ಕಣ ಬೆರೆತ ಮುದ್ದೆಯನ್ನು ನಂಬುವಂತಿಲ್ಲ, ಅದಕ್ಕೇ ತೆಗೆದಿದ್ದೇನೆ ಎಂದು ವಿವರಿಸಿದೆ.

"ಅಂಗಾದ್ರೆ ಈ ಮೂಲೇದು? ಅಕ್ಕಪಕ್ಕದ್ದೆಲ್ಲ ತೆಗ್ದು ಇದೊಂದ್ನ ಯಾಕ್ ಬುಟ್ರಿ?"

ಅದೂ ಬೆರಕೆಯೇ. ಇಡೀ ಭಾಷಣ ಅದರ ಮೇಲೆ ನಿಂತಿದ್ದರಿಂದ ನಾನೇ ಕೈಯಾರೆ ಉಳಿಸಿಕೊಂಡಿದ್ದೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು, ಲ್ಯಾಪ್‌ಟಾಪ್ ತೆರೆದು ಅದನ್ನೂ ತೆಗೆದೆ.

"ಈಗ ಸರಿ ಐತೆ" ಎಂದು ಸಾಹೇಬರು ಹೊಸ ಪ್ರಿಂಟು ಕೊಟ್ಟರು.

ಪಾವಗಡದಲ್ಲಿ ಹೇಳಲು ಹೆಚ್ಚೇನೂ ಉಳಿದಿರಲಿಲ್ಲ. ಅರ್ಧ ಗಂಟೆ ಮೊದಲೇ ಮುಗಿಸಿಬಿಟ್ಟೆ. ನನ್ನ ಯಾವ ಭಾಷಣಕ್ಕೂ ವಿದ್ಯಾರ್ಥಿಗಳು ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದಿಲ್ಲ.