ಸೋದರಮಾವ ನೋಡಬಾರದ ಮುಖ

ನನ್ನ ತಂಗಿಯ ಮಗಳು ಹುಟ್ಟಿದ್ದು ಕಾರಿನ ಹಿಂದಿನ ಸೀಟಿನಲ್ಲಿ, ಅಮೃತೂರಿನಿಂದ ಕುಣಿಗಲ್‌ಗೆ ಹೋಗುವ ದಾರಿಯಲ್ಲಿ. ದಿನ ತುಂಬಿರಲಿಲ್ಲ. ತಿಂಡಿಯ ಹೊತ್ತಿಗೆ ಶುರುವಾದ ನೋವು ನಾವು ಹೊರಡುವಷ್ಟರಲ್ಲಿ ಜೋರಾಗಿತ್ತು. ಕಾರು ಓಡಿಸುತ್ತಿದ್ದವನು ನಾನು. ಹಿಂದೆ ಅವಳ ಜೊತೆ ಅಮ್ಮ ಇದ್ದಳು.

ತಂಗಿಯ ಕೂಗು ಒಮ್ಮೆಲೇ ನಿಂತಿತು. ಮಗು ಬಂತೆಂದು ಗೊತ್ತಾಗಿ ಬ್ರೇಕ್ ಮೇಲೆ ಕಾಲಿಟ್ಟೆ. ಅಮ್ಮ ಹೇಳಿದ ಮೊದಲ ಮಾತು ಇದು:

"ತಿರುಗಬೇಡ ಕಣೋ. ಪೊರೆ ಹೊದ್ಕೊಂಡು ಬಂದೈತೆ. ಮುಂದೆ ನೋಡ್ಕೊಂಡು ಓಡ್ಸು."

ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಹುಟ್ಟಿದ ಮಗುವಿನ ಮುಖವನ್ನು ಸೋದರಮಾವ ನೇರವಾಗಿ ನೋಡಬಾರದು, ನೋಡಿದರೆ ಅವನಿಗೆ ಕಂಟಕ, ಮೊದಲು ಎಣ್ಣೆಯಲ್ಲಿ ಅದರ ಬಿಂಬ ನೋಡಬೇಕು ಎಂದು ನಮ್ಮ ಕಡೆ ಹೇಳುತ್ತಾರೆ. ಗರ್ಭಚೀಲದ ತೆಳು ಪೊರೆಯನ್ನು ಮುಖಕ್ಕೆ ಹೊದ್ದು ಹುಟ್ಟಿದ್ದಕ್ಕೂ ಅದೇ ಕಟ್ಟಳೆ ಎಂದು ಅಮ್ಮ ನಂಬಿದ್ದಳು. ಅಂಥ ಮಗು ಅದೃಷ್ಟವಂತೆ, ಪೊರೆಯನ್ನು ಒಣಗಿಸಿ ತಾಯಿತದಲ್ಲಿ ಕಟ್ಟಿಕೊಳ್ಳುವವರೂ ಇದ್ದಾರೆ ಎಂದು ಬೇರೆಯವರಿಂದ ಆಮೇಲೆ ಕೇಳಿದೆ. ನಾನು ಕಾಲೇಜು ಓದಿದವನು. ಆದರೂ ತಿರುಗಲಿಲ್ಲ. ಗೇರ್ ಹಾಕಿದೆ.

ಹಿಂದಿನಿಂದ ಅಳು ಬರಲಿಲ್ಲ. "ಯಾಕಮ್ಮ ಅಳ್ತಿಲ್ಲ?" ಎಂದು ತಂಗಿ ಕೇಳಿದಳು. ಅಳ್ತದೆ ಇರು ಎಂದಳು ಅಮ್ಮ. ಕನ್ನಡಿಯಲ್ಲಿ ನೋಡಿದೆ. ಅಮ್ಮ ಮಗುವನ್ನು ಎದೆಗೆ ಒತ್ತಿ ಹಿಡಿದು, ನನ್ನ ಕಣ್ಣಿಗೆ ಬೀಳದಿರಲೆಂದು ಅದರ ಮುಖದ ಮೇಲೆ ಸೆರಗು ಹೊದಿಸಿದ್ದಳು. ಹಸಿರು ಸೆರಗು ಚೂರೂ ಅಲ್ಲಾಡುತ್ತಿರಲಿಲ್ಲ. ಅವಳು ಮಗುವನ್ನು ನೋಡುತ್ತಿರಲಿಲ್ಲ. ತಿರುಗಿಬಿಡುತ್ತೇನೋ ಎಂದು ನನ್ನ ಕತ್ತನ್ನೇ ಕಾಯುತ್ತಿದ್ದಳು.

ಕಾರು ನಿಲ್ಲಿಸಿ, ಸೀಟಿನ ಮೇಲೆ ಮಂಡಿಯೂರಿ ಸೆರಗು ಎಳೆದೆ. ಈರುಳ್ಳಿಯ ಒಳಪದರದಂಥದ್ದು ಮುಖಕ್ಕೆ ಬಿಗಿಯಾಗಿ ಅಂಟಿತ್ತು. ಅದರೊಳಗೆ ಬಾಯಿ ತೆರೆದಿತ್ತು. ಮೂಗಿನ ಕೆಳಗೆ ಉಗುರು ಹಾಕಿದೆ, ಜಾರಿತು. ಮತ್ತೆ ಹಾಕಿದೆ, ಹರಿಯಿತು. ಅಮ್ಮ ಬೇಡ ಅನ್ನಲಿಲ್ಲ. ಮಗು ಸೀನಿತು, ಆಮೇಲೆ ಅತ್ತಿತು.

ಪೊರೆ ತೆಗೆಯಲು ಇಷ್ಟು ಹೊತ್ತು ಯಾಕೆ ಎಂದು ಆಸ್ಪತ್ರೆಯಲ್ಲಿ ನರ್ಸ್ ಕೇಳಿದರು. ಅಮ್ಮ ಮಗುವಿನ ತೂಕ ಎಷ್ಟೆಂದು ಕೇಳಿದಳು.

ತುಮಕೂರಿನ ಶಿರಾ ಗೇಟ್ ಸಿಗ್ನಲ್‌ನಲ್ಲಿ ನಿಂತಾಗ ಕನ್ನಡಿಯಲ್ಲಿ ಹಿಂದಿನ ಸೀಟು ಕಂಡರೆ ಈಗಲೂ ಆ ಸೆರಗು ಕಾಣಿಸುತ್ತದೆ. ಅವತ್ತು ನಿಲ್ಲಿಸದೆ ಇನ್ನೊಂದು ತಿರುವು ದಾಟಿದ್ದರೆ ಎಂದುಕೊಳ್ಳುತ್ತೇನೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ.

ಅಮ್ಮನ ತೀರ್ಮಾನ ಬೇರೆಯೇ ಇತ್ತು. ಸೆರಗಿನ ಮರೆಯಲ್ಲಾದರೂ ಮೊದಲು ಕನ್ನಡಿಯಲ್ಲಿ ನೋಡಿದ್ದರಿಂದ ಅರ್ಧ ದೋಷ ಕಳೆಯಿತಂತೆ. ಉಳಿದರ್ಧಕ್ಕೆ, ತೊಟ್ಟಿಲಿಗೆ ಹಾಕುವ ದಿನ ತುಮಕೂರಿನ ನನ್ನ ಮನೆಯಲ್ಲಿ ಬಟ್ಟಲಿಗೆ ಹರಳೆಣ್ಣೆ ಸುರಿದಳು. ನೆಂಟರ ಮುಂದೆ ನಾನು ವಾದಿಸಲಿಲ್ಲ. "ನಿನ್ನ ಒಳ್ಳೇದಕ್ಕೇ ಕಣೋ," ಅಂದಳು.

ಹೋಗಿ ಕೂತೆ. ಮಗುವಿನ ಮುಖಕ್ಕೆ ಬಟ್ಟೆ ಮುಚ್ಚಿ ತಂದು, ಎಣ್ಣೆಯ ಮೇಲೆ ಹಿಡಿದಾಗಲೇ ತೆಗೆಯಬೇಕು ಎಂದು ತಂಗಿಗೆ ಅಮ್ಮ ಹೇಳಿಕೊಟ್ಟಿದ್ದಳು. ತಂಗಿ ಕೋಣೆಯ ಬಾಗಿಲವರೆಗೆ ಹಾಗೆಯೇ ಬಂದಳು. ಅಲ್ಲಿ ನಿಂತು ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡಳು.

"ಅಣ್ಣಂಗೇನೂ ಆಗಲ್ಲ ಬುಡಮ್ಮ. ಇವಳು ಉಸಿರಾಡ್ಲಿ."

ಅಮ್ಮ ಬಟ್ಟಲನ್ನು ಹಿಡಿದೇ ಇದ್ದಳು. ಮಗು ಆಕಳಿಸಿತು. ನಾನು ಅದರ ಮುಖ ನೋಡಿದೆ. ಆಮೇಲೆ ಅಮ್ಮನಿಗಾಗಿ ಬಗ್ಗಿ ಎಣ್ಣೆಯಲ್ಲೂ ನೋಡಿದೆ.